ಹಳೇ ಮನೆಯ ಸ್ಟೀಮ್ ಹೀಟಿಂಗ್: ಕೆಳಗೆ ಸೆಕೆ, ಮೇಲೆ ಚಳಿ. ಬಾಯ್ಲರ್ ಬದಲಿಸಲೇಬೇಕಾ?

ನಿಮ್ಮ ಪ್ರಶ್ನೆ ಓದುತ್ತಿದ್ದರೆ ನಮ್ಮನೆ ಕಥೆಯನ್ನೇ ಯಾರೋ ಬರೆದ ಹಾಗಿತ್ತು. 1920ರ ದಶಕದ ಮನೆ, ಒಂದೇ ಪೈಪಿನ ಸ್ಟೀಮ್ (ಬಾಯ್ಲರಿನ ಉಗಿ ಮೇಲೆ ಹೋಗುವುದೂ, ನೀರಾಗಿ ವಾಪಸ್ ಇಳಿಯುವುದೂ ಒಂದೇ ಪೈಪಿನಲ್ಲಿ), ಕೆಳಗಿನ ಹಾಲ್‌ನಲ್ಲಿ ಬೆವರು ಕಿತ್ತು ಬರುತ್ತದೆ, ಮಹಡಿ ಮೇಲಿನ ಕೊನೇ ಕೋಣೆಯಲ್ಲಿ ಮಗುವಿಗೆ ಎರಡು ಸ್ವೆಟರ್. ನಿಮ್ಮ ಪ್ಲಂಬರ್ ಬಾಯ್ಲರ್ ಬದಲಿಸಿ ಅಂದಿದ್ದಾನೆ, ಬದಲಿಸಲೇಬೇಕಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಪೈಪಿನೊಳಗಿನ ಗಾಳಿ ಸರಿಯಾಗಿ ಹೊರಗೆ ಹೋಗುತ್ತಿದೆಯಾ ಅಂತ ಮೊದಲು ನೋಡಿ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಪ್ಲಂಬರ್ ಅಲ್ಲ. ಮೂರು ಚಳಿಗಾಲ ಬೇಸ್‌ಮೆಂಟಿನಲ್ಲಿ ಟಾರ್ಚ್ ಹಿಡಿದು ಓಡಾಡಿ ಕಲಿತದ್ದಷ್ಟೇ ಹೇಳುತ್ತಿದ್ದೇನೆ.

ಬಾಯ್ಲರ್ ಆರಿದಾಗ ಪೈಪಿನಲ್ಲಿರುವ ಉಗಿ ನೀರಾಗಿ ವಾಪಸ್ ಇಳಿಯುತ್ತದೆ, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಮತ್ತೆ ಹೊತ್ತಿಕೊಂಡಾಗ ಉಗಿ ಮುಂದೆ ಹೋಗಬೇಕಾದರೆ ಆ ಗಾಳಿ ಜಾಗ ಬಿಡಬೇಕು. ಖಾಲಿ ಕೊಡವನ್ನು ಬೋರಲು ಹಿಡಿದು ನೀರಿಗೆ ಒತ್ತಿದರೆ ನೀರು ಒಳಗೆ ಬರುವುದಿಲ್ಲ ಅಲ್ವಾ, ಹಾಗೇ ಇದೂ. ಗಾಳಿ ಬಿಡುವುದಕ್ಕೆ ಪ್ರತಿ ರೇಡಿಯೇಟರ್ (ಉಗಿ ತುಂಬಿ ಕೋಣೆ ಬಿಸಿ ಮಾಡುವ ಕಬ್ಬಿಣದ ಚೌಕಟ್ಟು) ಪಕ್ಕದಲ್ಲಿ ಬೆಳ್ಳಗೆ ಹೊಳೆಯುವ ಒಂದು ಪುಟ್ಟ ವೆಂಟ್ ಇರುತ್ತದೆ, ಅದು ಎಲ್ಲರಿಗೂ ಗೊತ್ತು. ಬೇಸ್‌ಮೆಂಟಿನಲ್ಲಿ ದಪ್ಪ ಪೈಪಿನ ತುದಿಗೆ ಇನ್ನೊಂದು ದೊಡ್ಡ ವೆಂಟ್ ಇರುತ್ತದೆ, ಅಥವಾ ಇರಬೇಕು. ಆ ದಪ್ಪ ಪೈಪಿಗೆ ಮೇನ್ ಪೈಪ್, ಈ ವೆಂಟಿಗೆ ಮೇನ್ ವೆಂಟ್ ಅನ್ನುತ್ತಾರೆ. ಎಲ್ಲರೂ ಮರೆಯುವುದು ಈ ಮೇನ್ ವೆಂಟನ್ನೇ.

ನಾನೂ ಮರೆತಿದ್ದೆ. ತಣ್ಣಗಿರುವ ಕೋಣೆಗೆ ಉಗಿ ಬೇಗ ಬರಲಿ ಅಂತ ಅಂಗಡಿಯಲ್ಲಿದ್ದ ಅತಿ ದೊಡ್ಡ ತೂತಿನ ವೆಂಟ್ ತಂದು ಅಲ್ಲಿನ ರೇಡಿಯೇಟರಿಗೆ ಹಾಕಿದೆ. ರಾತ್ರಿಯೆಲ್ಲ ಬುಸ್ ಬುಸ್ ಅಂತು, ಗೋಡೆಗೆ ನೀರು ಉಗುಳಿತು, ನಮ್ಮಾಕೆ ದಿಂಬು ಹಿಡಿದುಕೊಂಡು ಹಾಲ್‌ಗೆ ಹೋಗಿ ಮಲಗಿದಳು. ಕೋಣೆ ಮಾತ್ರ ಹಾಗೇ ತಣ್ಣಗೆ. ಆಗಿದ್ದೇನೆಂದರೆ, ಮೇನ್ ವೆಂಟ್ ಸತ್ತು ಎಷ್ಟೋ ವರ್ಷವಾಗಿತ್ತು, ಮೇಲೆ ಯಾರೋ ಪೇಂಟ್ ಬೇರೆ ಬಳಿದಿದ್ದರು. ಹಾಗಾಗಿ ದಪ್ಪ ಪೈಪಿನ ಗಾಳಿಯೆಲ್ಲ ರೇಡಿಯೇಟರಿನ ಸಣ್ಣ ತೂತುಗಳಿಂದಲೇ ಹೋಗಬೇಕಿತ್ತು. ಬಾಯ್ಲರಿಗೆ ಹತ್ತಿರದ ಹಾಲ್ ಮೊದಲು ಬಿಸಿಯಾಗುತ್ತಿತ್ತು, ಥರ್ಮೋಸ್ಟಾಟ್ ಇರುವುದೂ ಅಲ್ಲೇ, ಅದು ಸಾಕು ಅಂತ ಬಾಯ್ಲರ್ ಆರಿಸಿಬಿಡುತ್ತಿತ್ತು. ಉಗಿ ದೂರದ ಕೋಣೆ ಮುಟ್ಟುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು.

ಅದಕ್ಕೇ ಮೇನ್ ಪೈಪಿನ ಗಾಳಿ ಬೇಗ ಬಿಡಬೇಕು, ರೇಡಿಯೇಟರಿನ ಗಾಳಿ ನಿಧಾನಕ್ಕೆ ಬಿಡಬೇಕು. ಉಲ್ಟಾ ಮಾಡಿದರೆ ನನ್ನ ಗತಿ.

ಬಾಯ್ಲರಿನಿಂದ ಹೊರಟ ದಪ್ಪ ಪೈಪನ್ನೇ ಹಿಡಿದು ಹೋಗಿ, ಕೊನೇ ರೇಡಿಯೇಟರಿನ ಕವಲು ದಾಟಿದ ಮೇಲೆ ಅದು ಕೆಳಗೆ ಇಳಿಯುವ ಜಾಗದ ಹತ್ತಿರ ನೋಡಿ. ವೆಂಟ್ ಕಂಡರೆ, ತಣ್ಣಗಿದ್ದ ಬಾಯ್ಲರ್ ಹೊತ್ತಿಸಿ, ಒಂದು ಊದಿನಕಡ್ಡಿ ಹಚ್ಚಿ ಅದರ ಬಾಯಿ ಹತ್ತಿರ ಹಿಡಿಯಿರಿ. ಹೊಗೆ ಜೋರಾಗಿ ಪಕ್ಕಕ್ಕೆ ಹೋದರೆ ಜೀವ ಇದೆ, ನೆಟ್ಟಗೆ ಮೇಲೆ ಹೋದರೆ ಸತ್ತಿದೆ. (ಗ್ಯಾಸ್ ವಾಸನೆ ಇದ್ದರೆ ಕಡ್ಡಿ ಗೀರಬೇಡಿ, ಮನೆಯಿಂದ ಹೊರಗೆ ಬಂದು ಗ್ಯಾಸ್ ಕಂಪನಿಗೆ ಫೋನ್ ಮಾಡಿ.) ಎರಡು ಮೇನ್ ಪೈಪ್ ಇದ್ದರೆ ಎರಡಕ್ಕೂ ಬೇರೆ ಬೇರೆ ವೆಂಟ್ ಬೇಕು. ಉದ್ದದ ಪೈಪಿಗೆ ಜಾಸ್ತಿ. 2 ಇಂಚಿನ ಪೈಪಿನಲ್ಲಿ 40 ಅಡಿಗೆ ಹತ್ತಿರ ಹತ್ತಿರ ಒಂದು ಘನ ಅಡಿ ಗಾಳಿ ಇರುತ್ತದೆ, ಟೇಪ್ ಹಿಡಿದು ಅಳೆದರೆ ಲೆಕ್ಕ ಸಿಗುತ್ತದೆ. ನಾನು ಗಿಡ್ಡ ಪೈಪಿಗೆ ಗೋರ್ಟನ್ ಕಂಪನಿಯ 2ನೇ ನಂಬರ್ ಮೇನ್ ವೆಂಟ್ ಒಂದು, ಉದ್ದದ್ದಕ್ಕೆ T ಆಕಾರದ ಜೋಡಣೆ ಹಾಕಿ ಅದೇ ವೆಂಟ್ ಎರಡು ಕೂರಿಸಿದೆ. ಬಾಯ್ಲರ್ ಹತ್ತಿರ ಪೈಪ್ ಬಿಸಿಯಾದ ಮೇಲೆ ತುದಿ ಬಿಸಿಯಾಗಲು ಹಿಂದೆ ಇಪ್ಪತ್ತು ನಿಮಿಷ ಬೇಕಿತ್ತು, ಈಗ ಐದು. ನೀವೂ ಕೆಲಸಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಗಡಿಯಾರ ನೋಡಿ ಬರೆದಿಡಿ. ಇಲ್ಲದಿದ್ದರೆ ಸುಧಾರಿಸಿದ್ದು ಭ್ರಮೆಯಾ ನಿಜವಾ ಗೊತ್ತಾಗುವುದಿಲ್ಲ.

ಇದಾದ ಮೇಲೆ ರೇಡಿಯೇಟರ್ ವೆಂಟ್. ಥರ್ಮೋಸ್ಟಾಟ್ ಇರುವ ಕೋಣೆಗೆ ನಿಧಾನದ್ದು, ದೂರದ್ದಕ್ಕೆ ಸ್ವಲ್ಪ ಚುರುಕಿನದ್ದು. ಗೋರ್ಟನ್‌ನಲ್ಲಿ 4 ನಿಧಾನ, ಆಮೇಲೆ 5, 6, ಸಿ, ಡಿ ಅಂತ ವೇಗ ಏರುತ್ತದೆ. ಡಿ ಮುಟ್ಟಬೇಡಿ ಅಂತ ನನ್ನ ಸಲಹೆ. ನೀರು ಉಗುಳುತ್ತಿದ್ದರೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ನೋಡಿ, ರೇಡಿಯೇಟರ್ ತನಗೆ ಪೈಪ್ ಸೇರುವ ಜಾಗದ ವಾಲ್ವ್ ಕಡೆಗೆ ಸ್ವಲ್ಪ ವಾಲಿರಬೇಕು. ವಾಲಿಲ್ಲದಿದ್ದರೆ ಆಚೆ ಕಾಲುಗಳ ಕೆಳಗೆ ಮರದ ಚಕ್ಕೆ ಕೊಡಿ. ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದರೆ ನೀರು ವಾಪಸ್ ಹೋಗದೆ ಢಣ್ ಢಣ್ ಅಂತ ಬಡಿಯುತ್ತದೆ.

ಹಾಂ, ಒತ್ತಡ. ನಮ್ಮ ಬಾಯ್ಲರ್ ಮೇಲೆ ಒತ್ತಡ ಹಿಡಿತದಲ್ಲಿಡುವ ಒಂದು ಬೂದು ಡಬ್ಬಿ ಇದೆ, ಅದರಲ್ಲಿ ಯಾರೋ ಪುಣ್ಯಾತ್ಮರು 5 ಪಿಎಸ್‌ಐಗೆ (ಒತ್ತಡದ ಅಳತೆ) ಏರಿಸಿಟ್ಟಿದ್ದರು, ಒತ್ತಡ ಜಾಸ್ತಿಯಾದರೆ ಉಗಿ ಬೇಗ ಹೋಗುತ್ತದೆ ಅಂತ ಇರಬೇಕು. ಇದು ಪ್ರೆಶರ್ ಕುಕ್ಕರ್ ಅಲ್ಲ. ಮನೆಗೆ 1.5ರೊಳಗೆ ಧಾರಾಳ ಸಾಕು. ಡಬ್ಬಿಯ ಹೊರಗಿನ ಅಳತೆಪಟ್ಟಿ 0.5ಕ್ಕೆ, ಒಳಗಿನ ಚಕ್ರ 1ಕ್ಕೆ ಇಟ್ಟೆ, ಅಂದರೆ ಬಾಯ್ಲರ್ 0.5ರಲ್ಲಿ ಹೊತ್ತಿ, ಎರಡೂ ಕೂಡಿ 1.5ರಲ್ಲಿ ಆರುತ್ತದೆ. ಒತ್ತಡ ಜಾಸ್ತಿ ಇಟ್ಟರೆ ಹೊಸ ವೆಂಟುಗಳೂ ಬೇಗ ಹಾಳಾಗುತ್ತವೆ.

ವೆಂಟ್ ಬಿಚ್ಚುವಾಗ ಬಾಯ್ಲರ್ ಆರಿಸಿ ಪೂರ್ತಿ ತಣ್ಣಗಾಗಲು ಬಿಡಿ, ಉಗಿ ಸುಟ್ಟರೆ ಬಿಸಿನೀರಿನ ಹಾಗಲ್ಲ. ಪೈಪಿಗೆ ಬೆಳ್ಳಗೆ ಸುಣ್ಣದ ಪಟ್ಟಿ ಕಟ್ಟಿದಂತೆ ಹಳೇ ಹೊದಿಕೆ ಇದ್ದರೆ ಅದು ಆಸ್ಬೆಸ್ಟಾಸ್ (ಉಸಿರಿನೊಳಗೆ ಹೋದರೆ ಅಪಾಯದ ನಾರು) ಇರಬಹುದು, ಕೆರೆಯಬೇಡಿ, ಪರೀಕ್ಷೆ ಮಾಡಿಸಿ.

ನಿಮ್ಮ ಮೇನ್ ಪೈಪ್ ಎಷ್ಟು ಅಡಿ, ಎಷ್ಟು ದಪ್ಪ, ತುದಿಯಲ್ಲಿ ಏನಿದೆ ಅಂತ ಬರೆಯಿರಿ, ಫೋಟೋ ಇದ್ದರೆ ಹಾಕಿ. ಅಲ್ಲಿಯವರೆಗೆ ಏನೂ ಕೊಂಡುಕೊಳ್ಳಬೇಡಿ, ಬಾಯ್ಲರ್ ಅಂತೂ ಬೇಡವೇ ಬೇಡ.