ಲಂಡನ್‌ಗೆ ಬಿಸಿನೆಸ್ ಕ್ಲಾಸ್‌ನಲ್ಲಿ ಹೋಗಲು ಯಾವ ಏರ್‌ಲೈನ್ ಒಳ್ಳೆಯದು?

ನೀವು ಕೇಳಿರುವುದು ಇಷ್ಟು: ಮನೆ ನ್ಯೂಜೆರ್ಸಿಯಲ್ಲಿ, ಕಂಪನಿ ಮೊದಲ ಸಲ ಬಿಸಿನೆಸ್ ಕ್ಲಾಸ್‌ನಲ್ಲಿ ಲಂಡನ್‌ಗೆ ಕಳಿಸುತ್ತಿದೆ. ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್, ಯುನೈಟೆಡ್, ಜೆಟ್‌ಬ್ಲೂ, ನಾಲ್ಕರ ದರವೂ ಹೆಚ್ಚುಕಡಿಮೆ ಒಂದೇ. ಇಳಿದ ದಿನವೇ ಮಧ್ಯಾಹ್ನ ಮೀಟಿಂಗ್. ಊಟ ಸಸ್ಯಾಹಾರ. ಯಾವುದನ್ನು ಹಿಡಿಯಬೇಕು?

ನಾನೂ ನ್ಯೂಜೆರ್ಸಿಯ ಎಡಿಸನ್ ಊರಿನ ಕಡೆಯವನೇ. ಕೆಲಸದ ಮೇಲೆ ಎಂಟು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ಮೊದಮೊದಲು ನಾನೂ ಹೆಸರು ನೋಡಿಯೇ ಟಿಕೆಟ್ ಮಾಡಿಸುತ್ತಿದ್ದೆ. ಈಗ ಮೊದಲು ಹೊರಡುವ ಹೊತ್ತು ನೋಡುತ್ತೇನೆ, ಆಮೇಲೆ ಸೀಟು. ಹೆಸರು ಕೊನೆಗೆ.

ಹೊತ್ತು ಯಾಕೆ ಅಂದರೆ, ಒಂದು ಲೆಕ್ಕ ಹಾಕಿ ನೋಡಿ. ಸಂಜೆ 7ಕ್ಕೆ ಹೊರಡುವ ವಿಮಾನ ಅಂದುಕೊಳ್ಳಿ. ಬೆನ್ನ ಹಿಂದಿನಿಂದ ಗಾಳಿ ತಳ್ಳುವುದರಿಂದ ಹೋಗುವಾಗ ಹಾರಾಟ ಆರೂವರೆ ಗಂಟೆಯ ಆಸುಪಾಸು. ಮೇಲೇರಿ, ಊಟ ಬಡಿಸಿ, ತಟ್ಟೆ ಎತ್ತುವ ಹೊತ್ತಿಗೆ ಹತ್ತಿರ ಹತ್ತಿರ ಎರಡು ಗಂಟೆ ಹೋಯಿತು. ಇಳಿಯಲು ಇನ್ನೂ ಒಂದು ಗಂಟೆಗಿಂತ ಜಾಸ್ತಿ ಇರುವಾಗಲೇ ದೀಪ ಹಾಕಿ ತಿಂಡಿ ತರುತ್ತಾರೆ. ನಿದ್ದೆಗೆ ಉಳಿದದ್ದು ಮೂರು, ಮೂರೂವರೆ ಗಂಟೆ. ಲಂಡನ್‌ನಲ್ಲಿ ಬೆಳಿಗ್ಗೆ 7, ನಿಮ್ಮ ದೇಹಕ್ಕೆ ಆಗ ರಾತ್ರಿ 2! ಮಲಗುವ ಸೀಟು ಎಷ್ಟೇ ಚೆನ್ನಾಗಿರಲಿ, ಮಲಗಲು ಹೊತ್ತೇ ಇಲ್ಲ ಅಲ್ವಾ?

ಅದಕ್ಕೇ ರಾತ್ರಿ ಆದಷ್ಟು ತಡವಾಗಿ ಹೊರಡುವ ವಿಮಾನ ಹುಡುಕಿ. ಆ ಹೊತ್ತಿಗೆ ಹೇಗೂ ನಿದ್ದೆ ಬಂದಿರುತ್ತದೆ. ಊಟವನ್ನು ಲೌಂಜ್‌ನಲ್ಲೇ ಮುಗಿಸಿ. ನಮ್ಮ ನ್ಯೂಜೆರ್ಸಿಯ ನೆವಾರ್ಕ್ ಏರ್‌ಪೋರ್ಟ್‌ನಲ್ಲಿ ಯುನೈಟೆಡ್‌ನ ಬಿಸಿನೆಸ್ ಕ್ಲಾಸ್‌ನವರಿಗೆ ಇರುವ ಪೋಲಾರಿಸ್ ಲೌಂಜ್‌ನೊಳಗೆ ಹೋಟೆಲಿನಂತೆ ಕೂತು ಆರ್ಡರ್ ಮಾಡಿ ಉಣ್ಣುವ ಜಾಗವೇ ಇದೆ. ವಿಮಾನ ಹತ್ತಿದ ಕೂಡಲೇ "ಊಟ ಬೇಡ, ತಿಂಡಿಗೂ ಎಬ್ಬಿಸಬೇಡಿ" ಎಂದು ಹೇಳಿಬಿಡಿ. ಕೊಟ್ಟ ಊಟ ಬಿಡಲು ನಮ್ಮ ಮಂದಿಗೆ ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಎರಡು ಗಂಟೆ ನಿದ್ದೆ ಜಾಸ್ತಿ ಸಿಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ, ಜನ ಅದನ್ನು ಯೋಚಿಸುವುದೇ ಕಡಿಮೆ. ನ್ಯೂಯಾರ್ಕ್ ಕಡೆಯಿಂದ ಲಂಡನ್‌ಗೆ ಹಗಲು ವಿಮಾನಗಳೂ ಇವೆ. ಬೆಳಿಗ್ಗೆ 8ರ ಸುಮಾರಿಗೆ ಹೊರಟರೆ ಅಲ್ಲಿ ರಾತ್ರಿ 8ರ ಹೊತ್ತಿಗೆ ಇಳಿಯುತ್ತೀರಿ. ಹೋಟೆಲಿಗೆ ಹೋಗಿ ಹಾಸಿಗೆಯಲ್ಲಿ ಮಲಗಿ, ಮರುದಿನ ಮನುಷ್ಯರಂತೆ ಮೀಟಿಂಗ್‌ಗೆ ಹೋಗಬಹುದು. ಒಂದು ರಾತ್ರಿಯ ರೂಮ್ ಬಾಡಿಗೆ ಜಾಸ್ತಿಯಾಗುತ್ತದೆ, ಅಷ್ಟೇ. ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಡಿಸುವ ಕಂಪನಿ ಅದಕ್ಕೆ ಬೇಡ ಅನ್ನಲಾರದು. ಕೇಳಿ ನೋಡಿ.

ಇನ್ನು ಸೀಟು. ಬಿಸಿನೆಸ್ ಕ್ಲಾಸ್‌ನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಮೊದಲು ಕೊಟ್ಟದ್ದು ಬ್ರಿಟಿಷ್ ಏರ್‌ವೇಸ್, 2000ದಲ್ಲಿ. ಆಗ ಅದು ದೊಡ್ಡ ಸುದ್ದಿ. ಆದರೆ ಅದೇ ಸೀಟನ್ನು ಇಪ್ಪತ್ತು ವರ್ಷದ ಹತ್ತಿರ ಎಳೆದರು. ಒಬ್ಬರು ಮುಂದಕ್ಕೆ ಮುಖ, ಪಕ್ಕದವರು ಹಿಂದಕ್ಕೆ ಮುಖ. ವಿಮಾನ ಏರುವಾಗ ಅಪರಿಚಿತರೊಬ್ಬರ ಮುಖವನ್ನೇ ನೋಡುತ್ತಾ ಕೂರಬೇಕು. ಕಿಟಕಿ ಪಕ್ಕದವರು ರಾತ್ರಿ ಬಾತ್‌ರೂಮಿಗೆ ಎದ್ದರೆ ಮಲಗಿದವರ ಕಾಲು ದಾಟಿ ಹೋಗಬೇಕು. ಬಾಗಿಲಿರುವ ಹೊಸ ಕ್ಲಬ್ ಸೂಟ್ ಬಂದದ್ದು 2019ರಲ್ಲಿ, ಏರ್‌ಬಸ್ ಎ350 ಜತೆ. ಅದು ನಿಜಕ್ಕೂ ಚೆನ್ನಾಗಿದೆ. ಹಳೆಯ ವಿಮಾನಗಳಿಗೆ ಅದನ್ನು ಹಾಕುವ ಕೆಲಸ ಮಾತ್ರ ವರ್ಷಗಟ್ಟಲೆ ಎಳೆದಿದೆ. ಅಂದರೆ ಒಂದೇ ಕಂಪನಿ, ಒಂದೇ ದರ, ಆದರೆ ಸಿಗುವುದು ಸೂಟೋ ಹಳೇ ಸೀಟೋ ಎಂಬುದು ಆ ದಿನ ಬರುವ ವಿಮಾನದ ಮೇಲೆ. ಇನ್ನೊಂದು ಕಿರಿಕಿರಿ: ಇವರಲ್ಲಿ ಅಗ್ಗದ ಬಿಸಿನೆಸ್ ಟಿಕೆಟ್‌ಗೆ ಸೀಟನ್ನು ಮೊದಲೇ ಆರಿಸಲು ಬೇರೆ ದುಡ್ಡು ಕೊಡಬೇಕು.

ವರ್ಜಿನ್‌ನದೂ ಇದೇ ಕಥೆ. ಬೋಯಿಂಗ್ 787ರ ಹಳೇ ಸೀಟಿನಲ್ಲಿ ಕಿಟಕಿಗೆ ಬೆನ್ನು, ಓಡಾಡುವ ದಾರಿಗೆ ಕಾಲು. ಎ350, ಎ330ನಿಯೊ ಸಿಕ್ಕರೆ ಬೇರೆಯೇ ಲೋಕ. ಯುನೈಟೆಡ್‌ನ 767ರಲ್ಲಿ ಸಾಲಿಗೆ ಮೂರೇ ಸೀಟು, ಪ್ರತಿಯೊಂದೂ ಒಂಟಿ. ಸ್ವಲ್ಪ ಇಕ್ಕಟ್ಟು, ಆದರೆ ಯಾರನ್ನೂ ದಾಟುವ ಗೋಜಿಲ್ಲ. ಜೆಟ್‌ಬ್ಲೂ 2021ರಲ್ಲಿ ಲಂಡನ್‌ಗೆ ಶುರುವಾಯಿತು. ಎ321 ಚಿಕ್ಕ ವಿಮಾನ, ಮುಂದಿನ ಭಾಗದಲ್ಲಿ 24 ಸೀಟು, ಎಲ್ಲಕ್ಕೂ ಬಾಗಿಲು. ಅಲ್ಲಿ ಅದೃಷ್ಟದ ಆಟ ಇಲ್ಲ, ಅದು ನನಗಿಷ್ಟ. ಆದರೆ ನ್ಯೂಯಾರ್ಕ್‌ನ ಜೆಎಫ್‌ಕೆ ಏರ್‌ಪೋರ್ಟ್‌ಗೆ ಹೋಗಬೇಕು. ಸಂಜೆ ಟ್ರಾಫಿಕ್‌ನಲ್ಲಿ ನ್ಯೂಜೆರ್ಸಿಯಿಂದ ಜೆಎಫ್‌ಕೆ ಅಂದರೆ ನಿಮಗೆ ಹೇಳಬೇಕಾಗಿಲ್ಲ.

ಬುಕ್ ಮಾಡುವ ಮುಂಚೆ ಸೀಟಿನ ನಕ್ಷೆ ತೆಗೆದು ನೋಡಿ. ಒಂದು ಸಾಲಿನಲ್ಲಿ ಓಡಾಡುವ ದಾರಿಗಳ ಆಚೀಚೆ ಎಷ್ಟೆಷ್ಟು ಸೀಟು ಎಂದು ಎಣಿಸಿ: 1-2-1 ಅಥವಾ 1-1-1 ಇದ್ದರೆ ಸರಿ. 2-4-2, 2-3-2 ಕಂಡರೆ ಆ ದಿನದ ಬೇರೆ ವಿಮಾನ ನೋಡಿ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿ. ನನಗೊಮ್ಮೆ ಕೊನೇ ಗಳಿಗೆಯಲ್ಲಿ ವಿಮಾನ ಬದಲಾಗಿ, ಆರಿಸಿಟ್ಟ ಕಿಟಕಿ ಸೀಟು ಹೋಗಿ ನಾಲ್ಕರ ನಡುವೆ ಕೂರಬೇಕಾಯಿತು. ಹೆಸರು ಬೇಡ, ನಾಲ್ವರಲ್ಲಿ ಯಾರೂ ಹೀಗೆ ಮಾಡಬಹುದು.

ಊಟದ ವಿಷಯದಲ್ಲಿ ಎಚ್ಚರ. "ಹಿಂದೂ ಮೀಲ್" ಅಂದರೆ ಸಸ್ಯಾಹಾರ ಅಲ್ಲ. ನಾನು ಹೆಸರು ನೋಡಿ ಅದನ್ನೇ ಹೇಳಿದ್ದೆ, ಮುಚ್ಚಳ ತೆಗೆದರೆ ಕೋಳಿ. ನಿಮಗೆ ಬೇಕಾದದ್ದು ಏಷ್ಯನ್ ವೆಜಿಟೇರಿಯನ್, ಏರ್‌ಲೈನ್‌ನವರ ಕೋಡ್‌ನಲ್ಲಿ ಎವಿಎಂಎಲ್ (AVML). ಕನಿಷ್ಠ 24 ಗಂಟೆ ಮೊದಲೇ ಹೇಳಿಡಿ. ನಾನಂತೂ ಬ್ಯಾಗಿನಲ್ಲಿ ಒಂದು ಡಬ್ಬಿ ಚಟ್ನಿಪುಡಿ ಇಟ್ಟಿರುತ್ತೇನೆ. ಅವರ ಸಪ್ಪೆ ಬ್ರೆಡ್ಡಿಗೂ ಆಗುತ್ತದೆ.

ಟಿಕೆಟ್ ಮೇಲೆ ಒಬ್ಬರ ಹೆಸರು, ಹಾರಿಸುವವರು ಇನ್ನೊಬ್ಬರು, ಇದು ಈ ದಾರಿಯಲ್ಲಿ ಮಾಮೂಲು. ಬ್ರಿಟಿಷ್ ಏರ್‌ವೇಸ್–ಅಮೆರಿಕನ್ ಒಂದು ಜೋಡಿ, ವರ್ಜಿನ್–ಡೆಲ್ಟಾ ಇನ್ನೊಂದು. "ಆಪರೇಟೆಡ್ ಬೈ" ಎಂಬ ಸಣ್ಣ ಅಕ್ಷರದ ಸಾಲನ್ನು ಓದಿ. ಸೀಟು ಮಾತ್ರ ಅಲ್ಲ, ಪರಿಹಾರದ ಹಣವೂ ಅದರ ಮೇಲೆ ನಿಂತಿದೆ. ಏರ್‌ಲೈನ್‌ನ ತಪ್ಪಿನಿಂದ ನೀವು 4 ಗಂಟೆಗಿಂತ ತಡವಾಗಿ ತಲುಪಿದರೆ ಬ್ರಿಟನ್ನಿನ ಕಾನೂನಿನಂತೆ 520 ಪೌಂಡ್ ಬರಬೇಕು. ಲಂಡನ್‌ನಿಂದ ಹೊರಡುವಾಗ ಯಾವ ಕಂಪನಿಯಾದರೂ ಕೊಡಬೇಕು. ನ್ಯೂಯಾರ್ಕ್‌ನಿಂದ ಹೋಗುವಾಗ ಬ್ರಿಟನ್ ಅಥವಾ ಯುರೋಪಿನ ಕಂಪನಿ ಹಾರಿಸಿದರೆ ಮಾತ್ರ. ಯುನೈಟೆಡ್, ಜೆಟ್‌ಬ್ಲೂ ಹಾರಿಸಿದರೆ ಇಲ್ಲ. ಮಳೆ, ಹಿಮ ಕಾರಣವಾದರೆ ಯಾರೂ ಕೊಡುವುದಿಲ್ಲ.

ವಾಪಸ್ ಬರುವಾಗ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಎದುರುಗಾಳಿ, ಎಂಟು ಗಂಟೆ, ಪೂರ್ತಿ ಹಗಲು. ಆಗ ಊಟ ಮಾಡಿ, ಸಿನಿಮಾ ನೋಡಿ. ಯಾವುದಾದರೂ ನಡೆಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಿಂದಿನ ದಿನದ ಹಗಲು ವಿಮಾನಕ್ಕೇ ಮೊದಲು ಕೈ ಹಾಕುತ್ತಿದ್ದೆ. ಅದು ಆಗದಿದ್ದರೆ ನೆವಾರ್ಕ್‌ನಿಂದ ರಾತ್ರಿ ಎಲ್ಲಕ್ಕಿಂತ ತಡವಾಗಿ ಹೊರಡುವುದು, ಯುನೈಟೆಡ್ ಆದರೂ ಬ್ರಿಟಿಷ್ ಏರ್‌ವೇಸ್ ಆದರೂ. ಎರಡೂ ಸಮ ಅನ್ನಿಸಿ, ಬ್ರಿಟಿಷ್ ಏರ್‌ವೇಸ್‌ನಲ್ಲಿ ಹೊಸ ಸೂಟ್ ಕಂಡರೆ ಅದನ್ನೇ ಹಿಡಿಯಿರಿ. ಹೀಥ್ರೂ 5ನೇ ಟರ್ಮಿನಲ್‌ನಲ್ಲಿ ಇಳಿದವರಿಗೆ ಅಂತಲೇ ಅವರದೊಂದು ಲೌಂಜ್ ಇದೆ, ಬಿಸಿನೀರಿನ ಸ್ನಾನ ಸಿಗುತ್ತದೆ. ಬೆಳಿಗ್ಗೆ ಹೋಟೆಲಿನವರು ರೂಮ್ ಇನ್ನೂ ರೆಡಿ ಇಲ್ಲ ಅನ್ನುವುದು ಗ್ಯಾರಂಟಿ. ಹೊರಡುವ ತಾರೀಕು, ಫ್ಲೈಟ್ ನಂಬರ್ ಬರೆದರೆ ಸೀಟಿನ ನಕ್ಷೆ ನೋಡಿ ಹೇಳುತ್ತೇನೆ.