ಅಪ್ಪಂಗೆ ಎಷ್ಟು ಹೇಳ್ಕೊಟ್ರೂ ಸ್ಮಾರ್ಟ್‌ಫೋನ್ ಬರ್ತಿಲ್ಲ, ವಾಪಸ್ ಕೀಪ್ಯಾಡ್ ಫೋನೇ ಕೊಡಿಸ್ಬಿಡ್ಲಾ?

ಕೊಡಿಸ್ಬೇಡಿ. ಏನೋ ಒತ್ತಿ ಏನೋ ಮಾಯ ಮಾಡ್ಕೋತಾರೆ, ಹೇಳ್ಕೊಡೋಕೆ ಕೂತ್ರೆ ಹತ್ತು ನಿಮಿಷಕ್ಕೆ ಜಗಳ ಅಂತ ಬರ್ದಿದ್ದೀರಲ್ಲ, ಅದನ್ನ ಓದ್ತಿದ್ದಂಗೆ 2022ರ ದೀಪಾವಳಿಲಿ ನಮ್ಮನೆ ಜಗಲಿ ಮೇಲೆ ನಡೆದಿದ್ದೆಲ್ಲ ನೆನಪಾಯ್ತು.

ನಮ್ಮಪ್ಪ ಸರ್ಕಾರಿ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೋರು, ರಿಟೈರ್ ಆದ್ಮೇಲೆ ಅರಸೀಕೆರೆ ಹತ್ರ ನಮ್ಮೂರಲ್ಲೇ ತೆಂಗಿನ ತೋಟ ನೋಡ್ಕೊಂಡಿದ್ದಾರೆ. ಆ ಹಬ್ಬಕ್ಕೆ ನಾನು ಬೆಂಗಳೂರಿಂದ ಹನ್ನೆರಡು ಸಾವಿರದ ಫೋನ್ ತಗೊಂಡೋಗಿ ಕೊಟ್ಟೆ, ಕೊಟ್ಟ ದಿನದಿಂದಲೇ ಶುರುವಾಯ್ತು. ಅಪ್ಪ ಸ್ಕ್ರೀನನ್ನ ಹೆಬ್ಬೆಟ್ಟಿನ ಉಗುರಲ್ಲಿ ಕುಟ್ಟೋರು. ಯಾಕಂದ್ರೆ ಟಿಕೆಟ್ ಮಿಷಿನ್ನಿನ ಗುಂಡಿಗಳನ್ನ ಅಷ್ಟು ವರ್ಷ ಹಂಗೇ ಒತ್ತಿದ್ದು. ಟಚ್‌ಸ್ಕ್ರೀನಿಗೆ ಚರ್ಮ ತಾಗ್ಬೇಕು, ಉಗುರಿಗೆ ಅದು ಕ್ಯಾರೇ ಅನ್ನಲ್ಲ. ಬೆರಳಲ್ಲಿ ಒತ್ತಪ್ಪಾ ಅಂದ್ರೆ ಬೆರಳಿಟ್ಟು ಬಲವಾಗಿ ಒತ್ತಿ ಹಿಡ್ಕೊಂಡೇ ಇರೋರು, ಹಂಗೆ ಹಿಡ್ಕೊಂಡ್ರೆ ಐಕಾನ್ ಎದ್ದು ಬೆರಳಿಗೆ ಅಂಟ್ಕೊಳ್ಳುತ್ತೆ, ಗಾಬರಿಲಿ ಕೈ ಎಳೆದ್ರೆ ಅದು ಎಲ್ಲೋ ಹೋಗಿ ಬೀಳುತ್ತೆ. ಮೂರನೇ ದಿನ ಪಕ್ಕದ್ಮನೆ ಫೋನಿಂದ ಕಾಲ್ ಬಂತು, "ಲೋ, ಆ ಹಸ್ರು ಬಣ್ಣದ್ದು ಎಲ್ಲೋ ಬಿದ್ದೋಯ್ತು ಕಣ್ಲಾ." ವಾಟ್ಸಾಪು.

(ಇದಕ್ಕೆ ಮದ್ದಿದೆ. ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿ ಒಳಗೆ 'ಟಚ್ ಅಂಡ್ ಹೋಲ್ಡ್ ಡಿಲೇ' ಅಂತ ಇರುತ್ತೆ, ಅದನ್ನ 'ಲಾಂಗ್' ಮಾಡಿ. ಒತ್ತಿ ಹಿಡ್ಕೊಳ್ಳೋ ಕೈಗಳ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ನನಗೆ ಇದು ಗೊತ್ತಾಗಿದ್ದು ಒಂದೂವರೆ ವರ್ಷ ಆದ್ಮೇಲೆ, ಅಲ್ಲಿವರೆಗೂ ಅಪ್ಪಂಗೆ ಬೈಕೊಂಡೇ ಓಡಾಡಿದ್ದೆ.)

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಇದನ್ನ ಪೂರ್ತಿ ಓದಿ, ಉಳಿದಿದ್ದು ಬಿಟ್ರೂ ಪರ್ವಾಗಿಲ್ಲ. ಹೊಸ ಫೋನ್ ಆನ್ ಮಾಡಿದ ತಕ್ಷಣ ಗೂಗಲ್ ಅಕೌಂಟ್ ಕೇಳುತ್ತಲ್ಲ, ಅಲ್ಲಿ ಅಪ್ಪನ ಹೆಸರಲ್ಲಿ ಒಂದು ಹೊಸದು ಮಾಡ್ಬೇಕಿತ್ತು. ಹುಟ್ಟಿದ ತಾರೀಕು ಹಾಕು, ಪಾಸ್‌ವರ್ಡ್ ಹಾಕು, ಓಟಿಪಿಗೆ ಕಾಯಿ, ಅಬ್ಬಬ್ಬಾ ಅಂದ್ರೆ ಹತ್ತು ನಿಮಿಷದ ಕೆಲಸ. ನನಗೆ ಸಂಜೆ ಐದರ ಬಸ್ಸಿತ್ತು. ನಂದೇ ಜಿಮೇಲ್ ಹಾಕ್ಬಿಟ್ಟೆ. ಜೊತೆಗೆ ಅದು ಕೇಳಿದ್ದಕ್ಕೆಲ್ಲ ಎಸ್, ಎಸ್, ಎಸ್ ಅಂತ ಒತ್ತಿ, ಫೋಟೋ ಬ್ಯಾಕಪ್ಪಿಗೂ ಎಸ್, ವಾಟ್ಸಾಪ್ ಫೋಲ್ಡರನ್ನೂ ಸೇರಿಸ್ಲಾ ಅಂದಿದ್ದಕ್ಕೂ ಎಸ್.

ಮೊದಲು ಕೈಗೆ ಸಿಕ್ಕಿದ್ದು ಕಾಂಟ್ಯಾಕ್ಟ್ಸ್. ನನ್ನ ನಾನೂರು ನಂಬರೂ ಅಪ್ಪನ ಫೋನಿಗೆ ಇಳ್ಕೊಂಡಿದ್ವು. ಅಪ್ಪ ಒಂದು ಮಧ್ಯಾಹ್ನ ಊಟ ಆದ್ಮೇಲೆ ಆರಾಮಾಗಿ ಕೂತು, ಗೊತ್ತಿಲ್ದೋರೆಲ್ಲ ನನ್ನ ಫೋನಲ್ಲಿ ಯಾಕಿದ್ದಾರೆ ಅಂತ ಒಬ್ಬೊಬ್ಬರನ್ನೇ ಅಳಿಸಿದ್ದಾರೆ. ಟಿಕೆಟ್ ಇಲ್ದೋರನ್ನ ಇಳಿಸಿದಂಗೆ. ಒಂದೇ ಅಕೌಂಟಾದ್ದರಿಂದ ಅಲ್ಲಿ ಅಳಿಸಿದ್ದು ನನ್ನ ಫೋನಲ್ಲೂ ಹೋಯ್ತು, ಮ್ಯಾನೇಜರ್, ಪಿಜಿ ಓನರ್, ಗ್ಯಾಸಿನವನು, ಎಲ್ಲ ಖಾಲಿ. ಗೂಗಲ್ ಕಾಂಟ್ಯಾಕ್ಟ್ಸಲ್ಲಿ ಅಳಿಸಿದ್ದು 30 ದಿನ ಟ್ರ್ಯಾಶಲ್ಲಿ ಇರುತ್ತೆ, ಹಂಗಾಗಿ ಬಚಾವಾದೆ. ಅಷ್ಟಾದ್ರೂ ಬುದ್ಧಿ ಬರ್ಬೇಕಿತ್ತು, ಬರಲಿಲ್ಲ.

ಎರಡನೇದು ದುಡ್ಡಿಗೇ ಕೈ ಹಾಕ್ತು. ಗೂಗಲ್ ಪುಕ್ಕಟೆ ಕೊಡೋ ಜಾಗ 15 ಜಿಬಿ, ಜಿಮೇಲು, ಡ್ರೈವು, ಫೋಟೋ ಮೂರಕ್ಕೂ ಸೇರಿ. 2021ರ ಜೂನ್ ಒಂದರಿಂದ ಫೋಟೋಗಳೂ ಆ ಲೆಕ್ಕಕ್ಕೇ ಬಂದ್ವು. ಅಪ್ಪಂಗೆ ಆಮೇಲೆ ನಾನು ಹಿಂಗೆ ಹೇಳಿದ್ದು: ಇದೊಂದು ಬಸ್ಸು, ನನ್ನ ಮೇಲ್‌ಗಳು ಸೀಟ್ ಮೇಲೆ ಕೂತಿವೆ, ನಿನ್ನ ಶುಭೋದಯದ ಗುಲಾಬಿ ಹೂಗಳೆಲ್ಲ ಅದೇ ಬಸ್ಸಿಗೆ ಹತ್ತುತ್ತಿವೆ. ಅಪ್ಪ ಅಂದಿದ್ದು, "ಬಸ್ ಯಾವಾಗ್ಲಾದ್ರೂ ಫುಲ್ ಆಗ್ತದೇನ್ಲಾ, ಒಳಗ್ ಹೋಗಿ ಅಂದ್ರೆ ಆಯ್ತು." ಈ ಬಸ್ಸು ಫುಲ್ ಆಗುತ್ತೆ. ಫುಲ್ ಆದ್ಮೇಲೆ ಹೊಸ ಮೇಲ್ ಒಳಗೆ ಬರಲ್ಲ, ಕಳಿಸಿದೋರಿಗೇ ವಾಪಸ್ ಹೋಗುತ್ತೆ. ನನಗೆ ಎಚ್ಚರಿಕೆ ಬಂದಿತ್ತು, ಒಂದಲ್ಲ ಹತ್ತು ಸಲ, ನಾನು ಅದನ್ನ ಪ್ಲಾನ್ ಮಾರೋ ಜಾಹೀರಾತು ಅನ್ಕೊಂಡು ಮುಚ್ಚಿದ್ದೆ. 2023ರಲ್ಲಿ ಒಂದು ಕಂಪನಿಲಿ ಎರಡು ರೌಂಡ್ ಇಂಟರ್‌ವ್ಯೂ ಮುಗಿಸಿ ಮೂರನೇದಕ್ಕೆ ಕಾಯ್ತಿದ್ದೆ. ಮೇಲ್ ಬರಲೇ ಇಲ್ಲ. ಅವರು ಕಳ್ಸಿದ್ರಂತೆ, ಬೌನ್ಸ್ ಆಯ್ತಂತೆ, ಇನ್ನೊಬ್ಬನ್ನ ತಗೊಂಡ್ರಂತೆ, ಇದನ್ನೆಲ್ಲ ಮೂರು ವಾರದ ಮೇಲೆ ಅಲ್ಲಿದ್ದ ಫ್ರೆಂಡ್ ಟೀ ಕುಡೀತಾ ಹೇಳ್ದ. ತಿಂಗಳಿಗೆ ಹದಿನೆಂಟು ಸಾವಿರ ಜಾಸ್ತಿ ಸಿಗೋ ಕೆಲಸ ಸ್ವಾಮಿ, ಹತ್ತು ನಿಮಿಷದ ಸೋಮಾರಿತನಕ್ಕೆ ಹೋಯ್ತು.

ಆ ಭಾನುವಾರ ಸಿಟ್ಟಲ್ಲಿ ಕೂತು ಜಾಗ ಖಾಲಿ ಮಾಡೋಕೆ ಶುರು ಮಾಡ್ದೆ. ನೂರಾರು ದೇವರು, ಸೂರ್ಯೋದಯ, ಅದೇ ಗಿಣಿ ಹತ್ತು ಕಡೆ. ಅದರ ನಡುವೆ ನಲವತ್ತು ನಿಮಿಷದ ಒಂದು ವಿಡಿಯೋ, ಪೂರ್ತಿ ಕತ್ತಲೆ. ಅಪ್ಪ ಫೋಟೋ ಅನ್ಕೊಂಡು ವಿಡಿಯೋ ಒತ್ತಿ ಫೋನನ್ನ ಜೇಬಿಗೆ ಹಾಕ್ಕೊಂಡಿದ್ದಾರೆ. ಜಾಗ ತಿಪಟೂರು, ಕೊಬ್ಬರಿ ಹರಾಜಿನ ದಿನ, ಹಿಂದೆ ಗದ್ದಲ, ಲಾರಿ ಹಾರನ್ನು. ಡಿಲೀಟ್ ಒತ್ತೋಕೆ ಹೋದೋನು ದನಿ ಕೇಳಿ ನಿಂತೆ. ಅಪ್ಪ ಯಾರಿಗೋ ಹೇಳ್ತಿದ್ರು, "ಫೋನೇನೋ ಚೆನ್ನಾಗೈತೆ ಕಣಯ್ಯ. ನಮ್ ಹುಡ್ಗ ಬಂದ್ರೇ ಕಷ್ಟ. ಕೊಡಿಲ್ಲಿ ಕೊಡಿಲ್ಲಿ ಅಂತ ಚೆಕಿಂಗ್‌ನೋರು ಮಿಷಿನ್ ಕಿತ್ಕಂಡಂಗೆ ಕಿತ್ಕತನೆ. ಟಕಟಕ ಒತ್ತಿ ವಾಪಸ್ ಕೊಡ್ತನೆ. ಏನ್ ಒತ್ತಿದ ಅಂತ ನೋಡಣ ಅಂದ್ರೆ ಅವನ ಬೆರಳೇ ಅಡ್ಡ." ಆ ಕಡೆಯೋನು ನಕ್ಕ. ಆಮೇಲೆ ಕೊಬ್ಬರಿ ರೇಟಿನ ಮಾತು.

ಆ ವಿಡಿಯೋ ಒಂದನ್ನ ಅಳಿಸಿಲ್ಲ.

ಅದಕ್ಕೇ ನಾನು ಹೇಳೋದು, ಅಪ್ಪಂಗೆ ಬರಲ್ಲ ಅನ್ನೋ ನಿಮ್ಮ ಮಾತೇ ಸರಿ ಇಲ್ಲ. ನಮ್ಮಪ್ಪ ಟಿಕೆಟ್ ಬಂಡಲ್ ಕಾಲದಿಂದ ಬಂದು ಇಟಿಎಂ, ಅಂದ್ರೆ ಆ ಟಿಕೆಟ್ ಮಿಷಿನ್ನು, ಹಿಡಿದೋರು. ಹಬ್ಬದ ರಶ್ಶಲ್ಲಿ ಕಂಬಿಗೆ ಒರಗಿ, ಎರಡು ಫುಲ್ ಒಂದು ಹಾಫ್ ಹೊಡೆದು, ಚಿಲ್ಲರೆ ಕೊಟ್ಟು, ಸ್ಟೇಜ್ ಬದಲಾಯಿಸಿ, ರಾತ್ರಿ ಡಿಪೋಲಿ ಲೆಕ್ಕ ಒಪ್ಪಿಸಿದ್ರೆ ಒಂದು ರೂಪಾಯಿ ವ್ಯತ್ಯಾಸ ಇರ್ತಿರ್ಲಿಲ್ಲ. ಮಿಷಿನ್ ಅವರ ಕೈಲೇ ಇತ್ತು, ಕಲಿತ್ರು. ನಮ್ಮಮ್ಮನ್ನೇ ತಗೊಳ್ಳಿ, ಅವರಿಗೆ ನಾವ್ಯಾರೂ ಏನೂ ಹೇಳ್ಕೊಡಲಿಲ್ಲ, ಯಾರೂ ತಲೆ ಕೆಡಿಸ್ಕೊಳ್ಳಲೂ ಇಲ್ಲ, ಈಗ ನೋಡಿದ್ರೆ ಮೈಕ್ ಒತ್ತಿ "ಹೀರೇಕಾಯಿ ಸಿಪ್ಪೆ ಚಟ್ನಿ" ಅಂದು ಯೂಟ್ಯೂಬ್ ತೆಗೀತಾರೆ.

ನೀವು ಮಾಡ್ಬೇಕಾದ್ದು: ಇವತ್ತೇ ಅವರ ಹೆಸರಲ್ಲಿ ಅಕೌಂಟ್ ಮಾಡಿ, ನಿಮ್ಮದು ಅದರಲ್ಲಿದ್ರೆ ತೆಗೀರಿ. ತೆಗೆಯೋ ಮುಂಚೆ ಅವರ ನಂಬರ್‌ಗಳನ್ನ ಹೊಸ ಅಕೌಂಟಿಗೆ ಸಾಗಿಸಿ, ಇಲ್ಲಾಂದ್ರೆ ಅದೂ ನಿಮ್ಮದರ ಜೊತೆಗೇ ಹೋಗುತ್ತೆ, ಆಗ ಇನ್ನೊಂದು ಜಗಳ. ಫೋನಿನ ಭಾಷೆ ಕನ್ನಡಕ್ಕೆ ಹಾಕಿ, ಆ ಕನ್ನಡ ನಮಗೆ ಓದೋಕೆ ವಿಚಿತ್ರ ಅನ್ಸುತ್ತೆ, ಅವರಿಗೆ ಅನ್ಸಲ್ಲ. ಹೇಳ್ಕೊಡುವಾಗ ನಿಮ್ಮ ಕೈ ಬೆನ್ನ ಹಿಂದೆ ಕಟ್ಕೊಳ್ಳಿ, ನಿಜವಾಗ್ಲೂ ಕಟ್ಕೊಳ್ಳಿ, ಬಾಯಲ್ಲಿ ಹೇಳಿ, ಅವರು ಒತ್ಲಿ. ದುಡ್ಡಿನ ಭಯ ಇದ್ರೆ ಒಂದೇ ಮಾತು ನೂರು ಸಲ ಹೇಳಿ: ಯುಪಿಐ ಪಿನ್ ಹೊಡೆಯೋದು ದುಡ್ಡು ಕೊಡೋಕೆ, ಇಸ್ಕೊಳ್ಳೋಕೆ ಪಿನ್ ಬೇಡ. ಏನಾದ್ರೂ ಎಡವಟ್ಟಾದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಕೀಪ್ಯಾಡ್ ಆದ್ರೆ ಸೇಫ್ ಅನ್ಕೋಬೇಡಿ, ಓಟಿಪಿ ಕೇಳೋ ಕಳ್ಳರು ಅದಕ್ಕೂ ಕಾಲ್ ಮಾಡ್ತಾರೆ.

ನಮ್ಮಪ್ಪಂದು ಈಗ ಬೇರೆ ಅಕೌಂಟು, ಬೇರೆ 15 ಜಿಬಿ. ಅದೂ ತುಂಬೋಕೆ ಬಂದಾಗ ನಾನೇನೂ ಮುಟ್ಟಲಿಲ್ಲ, ಅವರೇ ಅಳಿಸೋದು ಕಲಿತ್ರು. ಡ್ಯೂಟಿ ಮುಗಿಸಿ ಟಿಕೆಟ್ ಲೆಕ್ಕದ ವೇಬಿಲ್ ಕ್ಲೋಸ್ ಮಾಡ್ದಂಗೆ ದಿನಾ ರಾತ್ರಿ ಎಂಟಕ್ಕೆ ಕನ್ನಡಕ ಹಾಕ್ಕೊಂಡು ಕೂತು ಆವತ್ತಿಂದು ಆವತ್ತೇ ಖಾಲಿ ಮಾಡ್ತಾರೆ. ಅಳಿಸೋಕೆ ಮುಂಚೆ ಒಂದೂ ಬಿಡದೆ ಎಲ್ಲಾನೂ ನನಗೆ ಫಾರ್ವರ್ಡ್ ಮಾಡ್ತಾರೆ.