ನ್ಯೂಯಾರ್ಕ್‌ನ ಹೆಲಿಕಾಪ್ಟರ್ ಟೂರ್‌ಗೆ ಅಷ್ಟು ದುಡ್ಡು ಹಾಕಬಹುದಾ?

ನೀವು ಕೇಳಿದ್ದು ಇಷ್ಟು: ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಚಿಂತಾಮಣಿಯಿಂದ ನೀವಿಬ್ಬರೂ ಹೊರಟಿದ್ದೀರಿ, ಮ್ಯಾನ್‌ಹಾಟನ್ ನೋಡೋಕೆ ಹೆಲಿಕಾಪ್ಟರ್ ಬುಕ್ ಮಾಡ್ತೀನಿ ಅಂತ ಅವಳು ಹಟ ಹಿಡಿದಿದ್ದಾಳೆ. ಹದಿನೈದು ನಿಮಿಷಕ್ಕೆ ಅಷ್ಟು ದುಡ್ಡು ದಂಡ ಅಲ್ವಾ ಅನ್ನೋದು ನಿಮ್ಮ ಯೋಚನೆ, ಮನೆಯವರಿಗೆ ಎತ್ತರ ಅಂದ್ರೆ ತಲೆ ಸುತ್ತೋದು ಇನ್ನೊಂದು ಯೋಚನೆ.

ನಾನು ಚಿಕ್ಕಬಳ್ಳಾಪುರದವಳು. ನಮ್ಮ ಮಗ ಇರೋದು ಜೆರ್ಸಿ ಸಿಟಿಯಲ್ಲಿ, ಅವನ ಬಲವಂತಕ್ಕೇ ನಾನೂ ನಮ್ಮ ಯಜಮಾನ್ರೂ ಹತ್ತಿದ್ದು. ನನ್ನ ಉತ್ತರ: ಒಂದು ಸಲ ಹೋಗಿ. ಆದರೆ ಎತ್ತರಕ್ಕೆ ಹೋಗ್ತೀವಿ ಅನ್ನೋ ಆಸೆಯಲ್ಲಿ ಹೋಗಬೇಡಿ. ಎತ್ತರವೇ ಬೇಕಿದ್ರೆ ನಂದಿ ಬೆಟ್ಟ ಸಾಕು.

ತಮಾಷೆಗೆ ಹೇಳ್ತಿಲ್ಲ. ನಂದಿ ಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್. ನಮ್ಮ ಊರೇ ಸುಮಾರು 900 ಮೀಟರ್ ಮೇಲಿದೆ. ಅಂದ್ರೆ ಬೆಟ್ಟದ ತುದಿಯಲ್ಲಿ ನಿಂತು ಕೆಳಗಿನ ದ್ರಾಕ್ಷಿ ತೋಟ ನೋಡುವಾಗ ನೀವು ಬಯಲಿನಿಂದ 1800 ಅಡಿಗೂ ಹೆಚ್ಚು ಮೇಲಿರ್ತೀರಿ. ನ್ಯೂಯಾರ್ಕ್‌ನ ಟೂರ್ ಹೆಲಿಕಾಪ್ಟರ್, ಮ್ಯಾನ್‌ಹಾಟನ್‌ಗೂ ನ್ಯೂಜೆರ್ಸಿಗೂ ಮಧ್ಯೆ ಹರಿಯುವ ಹಡ್ಸನ್ ನದಿ ಮೇಲೆ ಸಾಮಾನ್ಯವಾಗಿ ಸಾವಿರ ಅಡಿಗಿಂತ ಕೆಳಗೇ ಹಾರುತ್ತೆ. 2009ರ ಆಗಸ್ಟ್‌ನಲ್ಲಿ ಅಲ್ಲಿ ಒಂದು ಟೂರ್ ಹೆಲಿಕಾಪ್ಟರಿಗೂ ಒಂದು ಸಣ್ಣ ವಿಮಾನಕ್ಕೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ಆಮೇಲೆ ನದಿಯ ಮೇಲಿನ ಆಕಾಶವನ್ನ ಮಹಡಿಗಳ ಥರ ವಿಂಗಡಿಸಿದರು: ಸುಮ್ಮನೆ ಹಾದುಹೋಗುವ ವಿಮಾನಗಳಿಗೆ 1000ದಿಂದ 1300 ಅಡಿ, ಅಲ್ಲೇ ಸುತ್ತುವ ಟೂರ್‌ನವರಿಗೆ ಅದರ ಕೆಳಗೆ. ಒನ್ ವರ್ಲ್ಡ್ ಟ್ರೇಡ್ ಸೆಂಟರ್‌ನ ಎತ್ತರ 1776 ಅಡಿ (ಅಮೆರಿಕ ಸ್ವತಂತ್ರವಾದ ವರ್ಷವನ್ನೇ ಅಡಿ ಲೆಕ್ಕ ಮಾಡಿ ಕಟ್ಟಿದ್ದು). ಹಾಗಾಗಿ ಕಟ್ಟಡದ ತಲೆ ನಿಮಗಿಂತ ಮೇಲಿರುತ್ತೆ, ಕಿಟಕಿಯಿಂದ ಕತ್ತೆತ್ತಿ ನೋಡಬೇಕು. ಆಕಾಶದಲ್ಲಿ ಕೂತು ಕತ್ತೆತ್ತಿ ಕಟ್ಟಡ ನೋಡೋದು ಇದೆಯಲ್ಲ, ಅದಕ್ಕೇ ನೀವು ದುಡ್ಡು ಕೊಡೋದು. ವಿಮಾನದ ಕಿಟಕಿಯಿಂದ ಊರು ನಕ್ಷೆ ಆಗಿಬಿಡುತ್ತೆ. ಬೀದಿಯಲ್ಲಿ ನಿಂತ್ರೆ ಬರೀ ಗೋಡೆ. ಇವೆರಡರ ಮಧ್ಯದ ನೋಟ ಇಲ್ಲಿ ಮಾತ್ರ ಸಿಗುತ್ತೆ.

ಏನೇನು ಕಾಣುತ್ತೆ ಅಂತ ಹೇಳ್ತೀನಿ. ಮ್ಯಾನ್‌ಹಾಟನ್‌ನಲ್ಲಿ ಟೂರ್‌ಗಳು ಹೊರಡೋದು ದಕ್ಷಿಣ ತುದಿಯ ಡೌನ್‌ಟೌನ್ ಹೆಲಿಪೋರ್ಟ್‌ನಿಂದ, ಈಸ್ಟ್ ರಿವರ್ ದಡದ ಪಿಯರ್ 6 ಅನ್ನೋ ಕಟ್ಟೆಯಲ್ಲಿ. ನ್ಯೂಜೆರ್ಸಿ ಕಡೆಯಿಂದ ಹೊರಡುವವರೂ ಇದ್ದಾರೆ, ನಾವು ಹೋಗಿದ್ದು ಪಿಯರ್ 6ರಿಂದ. ಎದ್ದ ಕೂಡಲೇ ನೀರು, ಆಮೇಲೆ ಲಿಬರ್ಟಿ ಪ್ರತಿಮೆ. ದೋಣಿಯಲ್ಲಿ ಹೋದರೆ ಅವಳನ್ನ ಕೆಳಗಿನಿಂದ ನೋಡ್ತೀವಿ, ಇಲ್ಲಿ ಕಿರೀಟ, ಪಂಜು ನಮಗಿಂತ ಕೆಳಗಿರುತ್ತೆ; ಪೀಠ ಸೇರಿ ಅವಳು 305 ಅಡಿ ಅಷ್ಟೇ. ನನಗೆ ಪ್ರತಿಮೆಗಿಂತ ಹಿಡಿಸಿದ್ದು ಅವಳ ಕಾಲ ಕೆಳಗಿನ ಗೋಡೆ. ಅದೊಂದು ಹಳೇ ಕೋಟೆ, ಹನ್ನೊಂದು ಮೂಲೆಯ ನಕ್ಷತ್ರದ ಆಕಾರ. ನೆಲದ ಮೇಲೆ ಅದರ ಪಕ್ಕದಲ್ಲೇ ನಡೆದಿದ್ದೆವು, ಬರೀ ಕಲ್ಲುಗೋಡೆ ಅನ್ನಿಸಿತ್ತು. ಮೇಲಿಂದ ನೋಡಿದಾಗ ಯಾರೋ ಸ್ಕೇಲ್ ಇಟ್ಟು ಗೆರೆ ಹಾಕಿ ಕತ್ತರಿಸಿದಂತೆ ಹನ್ನೊಂದೂ ಮೂಲೆ ಕಾಣುತ್ತೆ.

ಆಮೇಲೆ ಹಡ್ಸನ್ ಹಿಡಿದು ಉತ್ತರಕ್ಕೆ. ಇಲ್ಲಿ ಕಣ್ಣು ಮಿಟುಕಿಸಬೇಡಿ. ಮ್ಯಾನ್‌ಹಾಟನ್ ಉದ್ದ ಇಪ್ಪತ್ತೊಂದು ಕಿಲೋಮೀಟರ್ ಚಿಲ್ಲರೆ, ಅಗಲ ನಾಲ್ಕೂ ಇಲ್ಲ. ಊರಿನ ಬಹುಪಾಲು ಬೀದಿಗಳಿಗೆ 1811ರಲ್ಲೇ ಚೌಕಳಿ ಹಾಕಿಟ್ಟಿದ್ದಾರೆ, ಅಡ್ಡಬೀದಿಗಳೆಲ್ಲ ನದಿಯಿಂದ ನದಿಗೆ ನೇರ. ಹೆಲಿಕಾಪ್ಟರ್ ದಡದ ಪಕ್ಕದಲ್ಲಿ ಓಡುವಾಗ ಒಂದೊಂದು ಬೀದಿಯೂ ಒಂದು ಕ್ಷಣ ತೆರೆದುಕೊಂಡು ಮುಚ್ಚಿಕೊಳ್ಳುತ್ತೆ, ಬಾಚಣಿಗೆಯ ಹಲ್ಲಿನ ಸಂದಿಯಲ್ಲಿ ದೀಪ ನೋಡಿದ ಹಾಗೆ. ಆ ಒಂದು ಕ್ಷಣದಲ್ಲಿ ಹಳದಿ ಟ್ಯಾಕ್ಸಿಗಳು, ಸಿಗ್ನಲ್, ತೀರಾ ಆ ತುದಿಯ ಬೆಳಕು ಎಲ್ಲ ಕಂಡು ಮಾಯ. ಇನ್ನೊಂದು ವಿಷಯ ಅಲ್ಲೇ ತಿಳಿದದ್ದು. ದಕ್ಷಿಣದ ತುದಿಯಲ್ಲಿ ಗಗನಚುಂಬಿಗಳ ಒಂದು ಗುಂಪು, ನಡು ಊರಲ್ಲಿ ಎಂಪೈರ್ ಸ್ಟೇಟ್ ಸುತ್ತಮುತ್ತ ಇನ್ನೊಂದು ಗುಂಪು, ಮಧ್ಯೆ ಊರು ತಗ್ಗಿ ಐದಾರು ಮಹಡಿ ಮನೆಗಳಾಗಿಬಿಡುತ್ತೆ. ಫೋಟೋಗಳಲ್ಲಿ ಊರೆಲ್ಲ ಒಂದೇ ಎತ್ತರ ಅನ್ನೋ ಹಾಗೆ ತೋರಿಸ್ತಾರೆ.

ಹಳೇ ಕಟ್ಟಡಗಳ ತಾರಸಿ ಮೇಲೆ ಮರದ ನೀರಿನ ಟ್ಯಾಂಕುಗಳಿವೆ. ಶಂಕುವಿನಾಕಾರದ ಟೋಪಿ, ಕೆಳಗೆ ಕಬ್ಬಿಣದ ಕಾಲು. ಬೀದಿ ನೀರಿನ ಒತ್ತಡ ಆರು ಮಹಡಿ ಮೇಲಕ್ಕೆ ಸರಿಯಾಗಿ ಹತ್ತಲ್ಲ ಅಂತ ಇಟ್ಟಿದ್ದು, ಈಗಲೂ ಬಳಕೆಯಲ್ಲಿದೆ. ಅಷ್ಟು ದೊಡ್ಡ ಊರಿನವರಿಗೂ ತಾರಸಿ ಮೇಲೆ ಟ್ಯಾಂಕು ತಪ್ಪಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಖುಷಿ. ನಮ್ಮ ಮನೆ ಮೇಲೆ ಸಿಂಟೆಕ್ಸ್, ಅವರ ಮನೆ ಮೇಲೆ ಮರದ್ದು, ಅಷ್ಟೇ ವ್ಯತ್ಯಾಸ.

ಸೆಂಟ್ರಲ್ ಪಾರ್ಕ್ ಬಗ್ಗೆ ಆಸೆ ಇಟ್ಕೋಬೇಡಿ. ಜಾಹೀರಾತಿನಲ್ಲಿ ಅದರ ಚಿತ್ರ ದೊಡ್ಡದಾಗಿ ಹಾಕಿರ್ತಾರೆ, ಈ ಟೂರ್‌ಗಳು ಹಾರೋದು ನೀರಿನ ಮೇಲೆ. ಪಾರ್ಕು ದೂರದಿಂದ ಹಸಿರು ಪಟ್ಟಿಯಾಗಿ ಕಂಡರೆ ಕಂಡಿತು. ಜಾರ್ಜ್ ವಾಷಿಂಗ್ಟನ್ ಸೇತುವೆ ಹತ್ತಿರ ತಿರುಗಿಸಿ ವಾಪಸ್ ಬರ್ತಾರೆ. ಹೋಗುವಾಗ ಮ್ಯಾನ್‌ಹಾಟನ್ ದಡಕ್ಕೆ ಅಂಟಿಕೊಂಡು, ಬರುವಾಗ ನ್ಯೂಜೆರ್ಸಿ ದಡದ ಪಕ್ಕ, ಅದು ಅಲ್ಲಿನ ನಿಯಮ. ಹಾಗಾಗಿ ಬಲಗಡೆ ಕಿಟಕಿಯವರಿಗೆ ಊರು ಹತ್ತಿರದಿಂದ, ಎಡಗಡೆಯವರಿಗೆ ವಾಪಸ್ ಬರುವಾಗ ದೂರದಿಂದ ಪೂರ್ತಿಯಾಗಿ. ಬಲಗಡೆ ವಾಸಿ. ಆದರೆ ಸೀಟು ಆರಿಸೋದು ನಿಮ್ಮ ಕೈಯಲ್ಲಿಲ್ಲ.

ಯಾಕಂದ್ರೆ ಸೀಟು ಕೊಡೋದು ತೂಕ ನೋಡಿ. ಎಲ್ಲರನ್ನೂ ತಕ್ಕಡಿ ಮೇಲೆ ನಿಲ್ಲಿಸ್ತಾರೆ, ಯಾರು ಎಲ್ಲಿ ಕೂತರೆ ಸಮತೂಕ ಬರುತ್ತೆ ಅಂತ ಲೆಕ್ಕ ಹಾಕ್ತಾರೆ. ನಮ್ಮ ಯಜಮಾನ್ರು ಡಾಕ್ಟರ್ ಹತ್ತಿರ ಹೇಳಿದ ತೂಕಕ್ಕೂ ಅಲ್ಲಿ ಬಂದ ತೂಕಕ್ಕೂ ವ್ಯತ್ಯಾಸ ಇತ್ತು, ಆ ಕತೆ ಬೇರೆ. ಗಂಡ ಹೆಂಡತಿಯನ್ನ ಬೇರೆ ಬೇರೆ ಕೂರಿಸಿದರೆ ಬೇಜಾರಾಗಬೇಡಿ. ತುಂಬಾ ದಪ್ಪ ಇರೋರಿಗೆ ಹೆಚ್ಚಿನ ದುಡ್ಡು ಕೇಳೋದೂ ಉಂಟು, ಬುಕ್ ಮಾಡುವಾಗ ಮಗಳು ನೋಡಿಕೊಳ್ಳಲಿ. ಪಾಸ್‌ಪೋರ್ಟ್ ಜೊತೆಗಿರಲಿ. ವ್ಯಾನಿಟಿ ಬ್ಯಾಗು, ಸೆಲ್ಫಿ ಸ್ಟಿಕ್ಕು ಒಳಗೆ ಬಿಡಲ್ಲ. ಸೊಂಟಕ್ಕೆ ಲೈಫ್ ಜಾಕೆಟ್ ಇರುವ ಒಂದು ಚೀಲ ಕಟ್ತಾರೆ, ಉಡಿದಾರದ ಥರ ಸಿಕ್ಕಿಸಿಕೊಂಡು ಎಲ್ಲರೂ ಸಾಲಾಗಿ ನಿಲ್ಲಬೇಕು.

ಮನೆಯವರಿಗೆ ಹೇಳಿ, ಸೀರೆ ಬೇಡ. ರೆಕ್ಕೆ ತಿರುಗ್ತಿರುವಾಗಲೇ ಹತ್ತಿಸ್ತಾರೆ, ಆ ಗಾಳಿಗೆ ಸೆರಗು ನಿಲ್ಲಲ್ಲ. ಚೂಡಿದಾರ್ ಹಾಕಿದ್ರೂ ದುಪಟ್ಟಾ ಒಳಗೆ ಸಿಕ್ಕಿಸಿಕೊಳ್ಳಬೇಕು, ತಲೆಗೆ ಹೂವಂತೂ ಬೇಡವೇ ಬೇಡ. ಗಾಢ ಬಣ್ಣದ ಬಟ್ಟೆ ಇದ್ದರೆ ಒಳ್ಳೇದು, ಬಿಳಿ ಹಾಕಿದ್ರೆ ಕಿಟಕಿ ಗಾಜಿನಲ್ಲಿ ನಿಮ್ಮ ಅಂಗಿಯೇ ಪ್ರತಿಫಲಿಸಿ ಫೋಟೋ ಎಲ್ಲ ಹಾಳು. ಹತ್ತಿರ ಹೋಗ್ತಿದ್ದ ಹಾಗೆ ಗಪ್ಪಂತ ಸೀಮೆಎಣ್ಣೆ ವಾಸನೆ ಹೊಡೆಯುತ್ತೆ. ಸೋರ್ತಿದೆಯೇನೋ ಅಂತ ಗಾಬರಿ ಬೇಡ, ಅದರ ಇಂಧನವೇ ಸೀಮೆಎಣ್ಣೆ ಜಾತಿಯದು. ಮೆಟ್ಟಿಲು ಸ್ವಲ್ಪ ಎತ್ತರ, ಮಂಡಿ ನೋವಿದ್ದವರು ಮೊದಲೇ ಹೇಳಿದರೆ ಅಲ್ಲಿನ ಹುಡುಗರು ರಟ್ಟೆ ಹಿಡಿದು ಹತ್ತಿಸ್ತಾರೆ. ಒಳಗೆ ಕಿವಿಗೆ ಹೆಡ್‌ಫೋನ್ ಕೊಡ್ತಾರೆ. ಪೈಲಟ್ ಏನೇನೋ ವಿವರಣೆ ಹೇಳ್ತಿರ್ತಾನೆ, ಅವನ ಇಂಗ್ಲಿಷ್ ಅರ್ಧ ಅರ್ಥವಾದರೆ ಹೆಚ್ಚು.

ಈಗ ನಿಮ್ಮ ಮನೆಯವರ ಭಯದ ಮಾತು. ನಮ್ಮ ಯಜಮಾನ್ರಿಗೂ ಅದೇ ಕಾಯಿಲೆ. ನಂದಿಯಲ್ಲಿ ಟಿಪ್ಪು ಡ್ರಾಪ್ ಕಂಬಿ ಹತ್ತಿರ ಹೋಗೋಕೇ ಒಲ್ಲೆ ಅನ್ನೋರು, ತಾರಸಿ ಅಂಚಿಗೆ ಬರಲ್ಲ. ಹೆಲಿಕಾಪ್ಟರ್ ನೆಲ ಬಿಟ್ಟಾಗ ನಮ್ಮ ಕಡೆಯವರು ಗಾಬರಿಯಾದರೆ ಬರುವ ಹಾಗೆ ಅವರ ಬಾಯಿಗೆ ತೆಲುಗು ಬಂತು. 'ಪರವಾಲೇದು, ಪರವಾಲೇದು' ಅಂತ ತಮಗೆ ತಾವೇ ಹೇಳ್ಕೊಳ್ತಿದ್ದರು. ಮೈಕು ಆನ್ ಇತ್ತು, ಎಲ್ಲರಿಗೂ ಕೇಳಿಸಿತು. ಆದರೆ ಮೇಲೆ ಹೋದ ಮೇಲೆ ಅವರಿಗೆ ತಲೆ ಸುತ್ತಲೇ ಇಲ್ಲ. ಎತ್ತರದ ಭಯ ಇರೋ ಎಷ್ಟೋ ಜನ ವಿಮಾನದಲ್ಲಿ ಆರಾಮಾಗಿ ಕೂರ್ತಾರಲ್ಲ, ಅದೇ ಥರ. ಅಂಚು ಅನ್ನೋದು ಇದ್ದು, ಅದರಾಚೆ ಬೀಳ್ತೀನಿ ಅನ್ನಿಸಿದರೆ ಭಯ. ಇಲ್ಲಿ ಕಾಲ ಬಳಿ ಅಂಚೇ ಇರಲ್ಲ, ಸೀಟು, ಬೆಲ್ಟು, ಗಾಜು ಇರುತ್ತೆ. ತಿರುವಿನಲ್ಲಿ ವಾಲಿದಾಗ ಮಾತ್ರ ಹೊಟ್ಟೆ ತೊಳಸುತ್ತೆ, ಆಗ ದೂರ ನೋಡೋಕೆ ಹೇಳಿ. ಹಿಂದಿನ ಸಾಲಿನ ಮಧ್ಯದ ಸೀಟು ಸಿಕ್ಕರೆ ಎಲ್ಲರೂ ಗೊಣಗ್ತಾರೆ, ಭಯ ಇರೋರಿಗೆ ಅದೇ ಸೊಗಸು, ಎರಡೂ ಕಡೆ ಮನುಷ್ಯರು. ಕಿವಿ ಕಟ್ಟೋದಂತೂ ಇಲ್ಲ, ನಂದಿ ಬೆಟ್ಟದ ತಿರುವು ಹತ್ತುವಾಗ ಕಟ್ಟುವಷ್ಟೂ ಇಲ್ಲ. ಆದರೆ ಹೃದಯದ ತೊಂದರೆ, ಬಿಪಿ ಇದ್ದರೆ ನಿಮ್ಮ ಡಾಕ್ಟರನ್ನ ಕೇಳಿ, ನನ್ನ ಮಾತು ಕೇಳಬೇಡಿ.

ಅಪಾಯದ ಮಾತನ್ನ ಮುಚ್ಚಿಡೋದು ಸರಿಯಲ್ಲ. 2025ರ ಏಪ್ರಿಲ್ 10ರಂದು ಇದೇ ಹೆಲಿಪೋರ್ಟ್‌ನಿಂದ ಎದ್ದ ಟೂರ್ ಹೆಲಿಕಾಪ್ಟರ್ ಜಾರ್ಜ್ ವಾಷಿಂಗ್ಟನ್ ಸೇತುವೆವರೆಗೆ ಹೋಗಿ ವಾಪಸ್ ಬರುವಾಗ ಗಾಳಿಯಲ್ಲೇ ಮುರಿದು ಜೆರ್ಸಿ ಸಿಟಿ ಹತ್ತಿರ ಹಡ್ಸನ್‌ಗೆ ಬಿತ್ತು. ಸ್ಪೇನ್‌ನಿಂದ ಬಂದಿದ್ದ ಗಂಡ, ಹೆಂಡತಿ, ಅವರ ಮೂರು ಮಕ್ಕಳು, ಜೊತೆಗೆ ಪೈಲಟ್, ಯಾರೂ ಉಳಿಯಲಿಲ್ಲ. ನಾವು ಹೋಗಿದ್ದು ಅದಕ್ಕೂ ಮುಂಚೆ. ಸುದ್ದಿ ನೋಡಿ ನಮ್ಮ ಮನೆಯಲ್ಲಿ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಈಗ ಮತ್ತೆ ಕರೆದರೆ ಹೋಗ್ತೀಯಾ ಅಂದ್ರೆ, ನಾವಿಬ್ಬರೂ ಹೋಗ್ತೀವಿ, ಮೊಮ್ಮಗುವನ್ನ ಹತ್ತಿಸಲ್ಲ. ಇದಕ್ಕೆ ತರ್ಕ ಇದೆಯೋ ಇಲ್ಲವೋ, ಮನಸ್ಸು ಹಾಗೆ ಹೇಳುತ್ತೆ.

ಒಂದನ್ನ ಮಾತ್ರ ಕಟ್ಟುನಿಟ್ಟಾಗಿ ಹೇಳ್ತೀನಿ: ಬಾಗಿಲು ತೆಗೆದ ಹೆಲಿಕಾಪ್ಟರ್‌ನಲ್ಲಿ ಕಾಲು ಹೊರಗೆ ಇಳಿಬಿಟ್ಟು ಫೋಟೋ ತೆಗೆಯುವ ಟೂರ್ ಬೇಡ. 2018ರ ಮಾರ್ಚ್‌ನಲ್ಲಿ ಅಂಥದ್ದೇ ಒಂದು ಹಾರಾಟದಲ್ಲಿ ಪ್ರಯಾಣಿಕನಿಗೆ ಕಟ್ಟಿದ್ದ ಪಟ್ಟಿ ಇಂಧನ ನಿಲ್ಲಿಸುವ ಹಿಡಿಕೆಗೆ ಸಿಕ್ಕಿಕೊಂಡು ಎಂಜಿನ್ ನಿಂತಿತು. ಈಸ್ಟ್ ರಿವರ್‌ಗೆ ಇಳಿದ ಹೆಲಿಕಾಪ್ಟರ್ ಮಗುಚಿತು. ಪೈಲಟ್ ಈಜಿ ಹೊರಬಂದ, ಐದು ಪ್ರಯಾಣಿಕರು ಮೈಗೆ ಕಟ್ಟಿದ ಪಟ್ಟಿ ಬಿಚ್ಚಿಕೊಳ್ಳಲಾಗದೆ ಮುಳುಗಿದರು. ಮಕ್ಕಳು ಅದೇ ಚೆನ್ನಾಗಿರುತ್ತೆ ಅಂತಾರೆ, ನೀವು ಮುಚ್ಚಿದ ಬಾಗಿಲಿನದೇ ಸಾಕು ಅನ್ನಿ.

ದುಡ್ಡು: ಒಬ್ಬರಿಗೆ ಇನ್ನೂರರಿಂದ ಮುನ್ನೂರು ಡಾಲರ್ ಅಂದುಕೊಳ್ಳಿ, ಅಂದ್ರೆ ಇಪ್ಪತ್ತು ಸಾವಿರ ಆಚೀಚೆ. ಹೆಲಿಪೋರ್ಟ್ ಶುಲ್ಕ ಅಂತ ಬೇರೆ ತಗೊಳ್ತಾರೆ, ಜಾಹೀರಾತಿನ ಬೆಲೆಯಲ್ಲಿ ಅದು ಕಾಣದೇ ಇರಬಹುದು. ಬರೀ ಪ್ರತಿಮೆ ಸುತ್ತಿಸಿ ತರುವ ತೀರಾ ಚಿಕ್ಕ ಟೂರ್ ತಗೋಬೇಡಿ, ಸೇತುವೆವರೆಗೆ ಹೋಗೋದು ತಗೊಳ್ಳಿ. ಬೀದಿಗಳು ತೆರೆದುಕೊಳ್ಳೋದು ಅದರಲ್ಲೇ ಸಿಗೋದು. ಬರೀ ಹೆಲಿಕಾಪ್ಟರ್ ಹತ್ತಿದ್ದೀವಿ ಅನ್ನಿಸಿಕೊಳ್ಳಬೇಕಾದರೆ ಅಷ್ಟು ದೂರ ಯಾಕೆ, ಕೆಲವು ವರ್ಷ ಮೈಸೂರು ದಸರಾ ಹೊತ್ತಿಗೆ ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್‌ನಿಂದ ಹತ್ತು ನಿಮಿಷ ಹಾರಿಸಿದ್ದುಂಟು, ಇದಕ್ಕಿಂತ ಎಷ್ಟೋ ಕಡಿಮೆ ದುಡ್ಡಿಗೆ. ಬೆಂಗಳೂರಿನ ಮೇಲೆ ಹಾರಿದರೂ ಈ ಮಜಾ ಬರಲ್ಲ ಅನ್ಸುತ್ತೆ ನನಗೆ. ಸುತ್ತ ನೀರಿಲ್ಲ, ಊರು ಎಲ್ಲಿ ಮುಗಿಯುತ್ತೆ ಅಂತಲೇ ಗೊತ್ತಾಗಲ್ಲ, ದೇವನಹಳ್ಳಿ ದಾಟಿ ನಮ್ಮ ಬಾಗಿಲಿಗೇ ಬಂದಿದೆ.

ಭಾನುವಾರಕ್ಕೆ ಪ್ಲ್ಯಾನ್ ಮಾಡಬೇಡಿ ಅಂತ ಮಗಳಿಗೆ ಹೇಳಿ. ಗದ್ದಲ ತಾಳಲಾರದೆ ಅಲ್ಲಿನ ಜನ ಗಲಾಟೆ ಮಾಡಿದ್ದರಿಂದ 2016ರಲ್ಲಿ ನಗರದವರು ಡೌನ್‌ಟೌನ್ ಹೆಲಿಪೋರ್ಟ್‌ನ ಟೂರ್‌ಗಳನ್ನ ಅರ್ಧಕ್ಕೆ ಇಳಿಸೋ ಒಪ್ಪಂದ ಮಾಡಿ ಭಾನುವಾರದ ಟೂರ್ ನಿಲ್ಲಿಸಿದರು. ನದಿ ದಡದಲ್ಲಿರೋ ನಮ್ಮ ಮಗನ ಅಕ್ಕಪಕ್ಕದವರಿಗೂ ಈ ಹೆಲಿಕಾಪ್ಟರ್ ಕಂಡರೆ ಆಗಲ್ಲ, ನಾವು ಹೋಗಿಬಂದ ವಿಷಯ ಅವರಿಗೆ ಹೇಳಲಿಲ್ಲ. ನೀವು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಬುಕ್ ಮಾಡಿ, ಮೋಡವೋ ಗಾಳಿಯೋ ಬಂದು ರದ್ದಾದರೆ ಇನ್ನೊಂದು ದಿನ ಕೈಯಲ್ಲಿರುತ್ತೆ. ಅಲ್ಲಿವರೆಗೆ ಹೋದ ಮೇಲೆ ರದ್ದಾದರೆ ಬೇಜಾರು ಮಾಡ್ಕೊಂಡು ಮನೆಗೆ ಬರಬೇಡಿ. ಪಿಯರ್ 6ರಿಂದ ಸ್ವಲ್ಪ ನಡೆದರೆ ಸ್ಟೇಟನ್ ಐಲ್ಯಾಂಡ್ ಫೆರ್ರಿ ಕಟ್ಟೆ ಸಿಗುತ್ತೆ. ಹೋಗೋಕೆ ಇಪ್ಪತ್ತೈದು ನಿಮಿಷ, ಪ್ರತಿಮೆಯ ಮುಂದೆಯೇ ಹಾದುಹೋಗುತ್ತೆ, ಪೂರ್ತಿ ಪುಕ್ಕಟೆ. ಹೊರಗಡೆ ಅದಕ್ಕೂ ಟಿಕೆಟ್ ಮಾರೋಕೆ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಹೋಗುವಾಗ ಬಲಗಡೆ ನಿಂತ್ಕೊಳ್ಳಿ.